ಹೊಲಿಗೆ ಮಿಷಿನ್ನಿನ ಹಾಡು

ಕೈಗಡಿಯಾರ ರಿಪೇರಿ ಮಾಡುವ ಅವನಿಗೆ ನಲವತ್ತಾರು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಟ್ರ್ಯಾಕರಿನಲ್ಲಿ ಹಾಡು ಕಟ್ಟುವುದರಲ್ಲೇ ಕಳೆದಿತ್ತು. ಟ್ರ್ಯಾಕರ್ ಎಂದರೆ ಕಂಪ್ಯೂಟರಿನಲ್ಲಿ ಸಂಗೀತ ಬರೆಯುವ ಹಳೆಯ ಬಗೆಯ ತಂತ್ರಾಂಶ. ಅದರಲ್ಲಿ ಸ್ವರಗಳು ರೈಲಿನ ವೇಳಾಪಟ್ಟಿಯ ಹಾಗೆ, ಅಕ್ಷರ ಅಂಕಿಗಳ ಸಾಲುಗಳಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಹೊಸಬರಿಗೆ ತಲೆಬುಡ ತಿಳಿಯದು. ಅವನಿಗೆ ಮಾತ್ರ ಆ ಸಾಲುಗಳು ಕಂಡರೆ ಸಾಕು, ಕಿವಿಯಲ್ಲಿ ಹಾಡು ಶುರುವಾಗುತ್ತಿತ್ತು.

ಗ್ರಂಥಾಲಯದ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ಇಪ್ಪತ್ತು ಮಂದಿ ಟ್ರ್ಯಾಕರ್ ಹುಚ್ಚರಲ್ಲಿ ಅವನೇ ಹಿರಿಯ. ಯಾರು ಎಲ್ಲಿ ಸಿಕ್ಕಿಹಾಕಿಕೊಂಡರೂ ಅವನನ್ನೇ ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದು ಅವನಿಗೆ ಹಿತವಾಗಿತ್ತು.

ಷಡ್ಡಕನನ್ನು ಅಲ್ಲಿಗೆ ಕರೆದೊಯ್ದವನೂ ಅವನೇ. ಹೆಂಡತಿಯ ತಂಗಿಯ ಗಂಡ; ಹೊಲಿಗೆ ಮಿಷಿನ್ ರಿಪೇರಿಯ ಅಂಗಡಿ ಇಟ್ಟಿದ್ದರಿಂದ ಮನೆಯವರ ಬಾಯಲ್ಲಿ ಅವನು ‘ಮಿಷಿನ್’ ಆಗಿಬಿಟ್ಟಿದ್ದ. “ಭಾವ, ನನಗೂ ಕಲಿಸಿ” ಎಂದು ದುಂಬಾಲು ಬಿದ್ದಾಗ ಗಡಿಯಾರದವನು ಕೈಹಿಡಿದು ಕಲಿಸಿದ. ಮೊದಲ ಆರು ತಿಂಗಳು ಮಿಷಿನ್ನನ ಹಾಡುಗಳು ತಗಡು ಬಡಿದ ಹಾಗಿದ್ದವು. ಗಡಿಯಾರದವನು ಅವನ್ನು ಧಾರಾಳವಾಗಿ ಹೊಗಳುತ್ತಿದ್ದ.

ಆಮೇಲೆ ಟ್ರ್ಯಾಕರಿನ ಹೊಸ ಆವೃತ್ತಿ ಬಂತು. ಅದರಲ್ಲಿ ಮಿಡಿಗೆಂದೇ ಒಂದು ಹೊಸ ಕಾಲಮ್ಮು.

“ಮಿಡಿ ಅಂದ್ರೆ ತಂತಿ ಮಿಡಿಯೋದಾ?” ಎಂದು ಹೆಂಡತಿ ಕೇಳಿದಳು.

“ಅಲ್ಲ ಮಾರಾಯ್ತಿ. ಒಂದು ಯಂತ್ರ ಇನ್ನೊಂದಕ್ಕೆ ಹೇಳೋ ಮಾತು. ಈ ಸ್ವರ ನುಡಿಸು, ಇಷ್ಟು ಜೋರಾಗಿ ನುಡಿಸು, ಈಗ ನಿಲ್ಲಿಸು, ಹೀಗೆ.”

ಅವನು ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಓದಿದ. ತನ್ನ ಹಳೆಯ ಕೀಬೋರ್ಡಿಗೆ ತಂತಿ ಜೋಡಿಸಿ, ಟ್ರ್ಯಾಕರಿನಿಂದಲೇ ಅದನ್ನು ನುಡಿಸಿದ. ಎಲ್ಲ ಅಚ್ಚುಕಟ್ಟಾಗಿ ಕೆಲಸ ಮಾಡಿತು. ಸರಿ, ಇನ್ನೇನು ಎಂದುಕೊಂಡ.

ಒಂದು ಮಧ್ಯಾಹ್ನ ಹೆಂಡತಿಯ ಜೊತೆ ಷಡ್ಡಕನ ಅಂಗಡಿಗೆ ಹೋದ. ಒಳಗೆ ಐದು ಹೊಲಿಗೆ ಮಿಷಿನ್ನುಗಳು ಅರ್ಧಚಂದ್ರಾಕಾರದಲ್ಲಿ ನಿಂತಿದ್ದವು. ಒಂದೊಂದರ ಮೋಟಾರಿಗೂ ಒಂದೊಂದು ಪುಟ್ಟ ಡಬ್ಬಿ. ಡಬ್ಬಿಗಳಿಂದ ಹೊರಟ ತಂತಿಗಳು ಕಂಪ್ಯೂಟರಿಗೆ. ಮಿಷಿನ್ ಒಂದು ಗುಂಡಿ ಒತ್ತಿದ. ಟ್ರ್ಯಾಕರಿನ ಸಾಲುಗಳು ಇಳಿಯತೊಡಗಿದವು, ಐದು ಮಿಷಿನ್ನುಗಳು ಮಾತಿಗೆ ತೊಡಗಿದವು. ಒಂದರ ಸೂಜಿ ದಪ್ಪ ಕ್ಯಾನ್ವಾಸಿಗೆ ಬಡಿದರೆ ಇನ್ನೊಂದರದು ತೊಗಲಿಗೆ. ಸ್ವರ ಜೋರಾದಷ್ಟೂ ಮೋಟಾರು ಗುಂಯ್ ಎಂದು ಮೇಲೇರುತ್ತಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಮಿಷಿನ್ ಕಾಲಡಿಯ ಪೆಡಲನ್ನು ಒತ್ತಿದ. ಆ ಒತ್ತು ತಂತಿಯ ಮೂಲಕ ಟ್ರ್ಯಾಕರಿನೊಳಕ್ಕೆ ಹೋಗಿ, ಹಾಡಿನ ಓಟವೇ ಬದಲಾಯಿತು. ಕಾಲು ಸಡಿಲಿಸಿದರೆ ಹಾಡು ತೂಕಡಿಸುತ್ತಿತ್ತು, ಒತ್ತಿದರೆ ದೌಡಾಯಿಸುತ್ತಿತ್ತು.

“ಅಯ್ಯೋ, ನೋಡಿದ್ರಾ ಇವರೇ!” ಎಂದು ಹೆಂಡತಿ ಗಂಡನ ತೋಳು ಹಿಡಿದಳು. “ಮೈ ಜುಮ್ಮೆನ್ನುತ್ತೆ!”

ಇಪ್ಪತ್ತೆರಡು ವರ್ಷಗಳಲ್ಲಿ ಅವನ ಯಾವ ಹಾಡಿಗೂ ಅವಳ ಮೈ ಜುಮ್ಮೆಂದಿರಲಿಲ್ಲ. “ಚೆನ್ನಾಗಿದೆ” ಎನ್ನುತ್ತಿದ್ದಳು, ಅಷ್ಟೇ. ಅವನ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು. ಇದೇ ಕಾಲಮ್ಮು ತನ್ನ ಮುಂದೆಯೂ ಇತ್ತಲ್ಲ, ತನಗೇಕೆ ಹೊಳೆಯಲಿಲ್ಲ?

“ಭಾವ, ಒಂದೇ ಒಂದು ತೊಂದ್ರೆ,” ಎಂದ ಮಿಷಿನ್. “ಹಾಡನ್ನ ಮಧ್ಯದಲ್ಲಿ ನಿಲ್ಲಿಸಿದ್ರೆ ಮೋಟಾರು ನಿಲ್ಲಲ್ಲ. ಓಡ್ತಾನೇ ಇರುತ್ತೆ. ಇದಕ್ಕೆ ಏನಾದ್ರೂ ಇದೆಯಾ?”

ಇತ್ತು. ಟ್ರ್ಯಾಕರ್ ಒಮ್ಮೆ ‘ನುಡಿಸು’ ಎಂದ ಮೇಲೆ ‘ನಿಲ್ಲು’ ಎನ್ನುವವರೆಗೂ ಯಂತ್ರ ನುಡಿಸುತ್ತಲೇ ಇರುತ್ತದೆ. ಹಾಡು ಅರ್ಧಕ್ಕೆ ನಿಂತರೆ ‘ನಿಲ್ಲು’ ಇರುವ ಸಾಲು ಬರುವುದೇ ಇಲ್ಲ. ಅದಕ್ಕೆಂದೇ ಕಂಪ್ಯೂಟರಿನ ಎರಡು ಕೀಲಿಗಳಿವೆ; ಅವನ್ನು ಒಟ್ಟಿಗೆ ಒತ್ತಿದರೆ ಎಲ್ಲ ಯಂತ್ರಗಳಿಗೂ ಒಮ್ಮೆಲೇ ‘ನಿಲ್ಲು’ ಹೋಗುತ್ತದೆ. ಕೈಪಿಡಿಯ ಕೊನೆಯ ಪುಟದಲ್ಲಿ ಬರೆದಿತ್ತು.

“ನನಗೂ ಗೊತ್ತಿಲ್ಲಪ್ಪ,” ಎಂದ ಗಡಿಯಾರದವನು.

ಆ ಭಾನುವಾರ ಗ್ರಂಥಾಲಯದ ಮಹಡಿ ತುಂಬಿತ್ತು. ಸುದ್ದಿ ಕೇಳಿ ಹೊರಗಿನವರೂ ಬಂದಿದ್ದರು. ಮೊದಲು ಗಡಿಯಾರದವನು ತನ್ನ ಕೀಬೋರ್ಡಿನ ಹಾಡು ಕೇಳಿಸಿದ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಆಮೇಲೆ ಐದು ಮಿಷಿನ್ನುಗಳ ಸರದಿ. ಎರಡನೇ ನಿಮಿಷಕ್ಕೆ ಯಾರೂ ಕುರ್ಚಿಯಲ್ಲಿ ಕೂತಿರಲಿಲ್ಲ. ಗಡಿಯಾರದವನೊಬ್ಬನೇ ಕೂತಿದ್ದ. ಏನಾದರೂ ಎಡವಟ್ಟಾಗಲಿ ಎಂದು ಮನಸ್ಸು ಬಯಸುತ್ತಿತ್ತು. ಬಯಸಿದ್ದೇ ಆಯಿತು.

ನಡುವಿನ ಮಿಷಿನ್ನಿನ ಬಟ್ಟೆ ಮಡಚಿಕೊಂಡು ಸೂಜಿಯ ಕೆಳಗೆ ಸಿಕ್ಕಿಕೊಂಡಿತು. ಷಡ್ಡಕ ಹಾಡು ನಿಲ್ಲಿಸಿ ಬಟ್ಟೆಗೆ ಕೈ ಹಾಕಿದ. ಹಾಡು ನಿಂತಿತು, ಮೋಟಾರು ನಿಲ್ಲಲಿಲ್ಲ. ಬಟ್ಟೆಯ ಜೊತೆಗೆ ಅವನ ತೋರುಬೆರಳೂ ಸೂಜಿಯಡಿಗೆ ಸೇರಿತು. ಅವನ ಕೂಗನ್ನು ಆಟದ ಭಾಗವೆಂದುಕೊಂಡು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಗಡಿಯಾರದವನು ಕುರ್ಚಿ ಉರುಳಿಸಿಕೊಂಡು ಓಡಿದ. ಯೋಚಿಸಲಿಲ್ಲ. ಕಂಪ್ಯೂಟರಿನ ಮೇಲೆ ಬಾಗಿ ಆ ಎರಡು ಕೀಲಿಗಳನ್ನು ಒತ್ತಿದ. ಐದೂ ಮಿಷಿನ್ನುಗಳು ಒಮ್ಮೆಲೇ ನಿಂತವು.

“ನೀವಿಲ್ಲದಿದ್ರೆ ಏನು ಗತಿ!” ಎಂದು ಜನ ಅವನ ಬೆನ್ನು ತಟ್ಟಿದರು. ಷಡ್ಡಕ ಉಗುರನ್ನು ಸೀಳಿಕೊಂಡು ಹೋದ ಸೂಜಿಯನ್ನು ನೋಡಲಿಲ್ಲ. ಕೀಲಿಗಳ ಮೇಲಿದ್ದ ಭಾವನ ಬೆರಳುಗಳನ್ನೇ ನೋಡುತ್ತಿದ್ದ.

ಕ್ಲಿನಿಕ್ಕಿನಲ್ಲಿ ಪಟ್ಟಿ ಕಟ್ಟಿಸಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಾಗ ಷಡ್ಡಕ ಬಾಯಿ ಬಿಟ್ಟ.

“ಅದು ನಿಮಗೆ ಮೊದಲೇ ಗೊತ್ತಿತ್ತು, ಭಾವ.”

“ಗೊತ್ತಿತ್ತು.”

“ಅವತ್ತು ನಾನು ಕೇಳಿದಾಗಲೂ?”

“ಹೂಂ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಸುಳ್ಳು ಹೇಳಲು ಗಡಿಯಾರದವನಲ್ಲಿ ತ್ರಾಣ ಉಳಿದಿರಲಿಲ್ಲ. “ಹೊಟ್ಟೆಕಿಚ್ಚು,” ಎಂದ.

“ನಿಮಗಾ? ನನ್ನ ಮೇಲಾ?” ಮಿಷಿನ್ ನಿಜವಾಗಿಯೂ ನಂಬದವನಂತೆ ಅವನ ಮುಖ ನೋಡಿದ. ನಂತರ ನಿಧಾನವಾಗಿ ಎದ್ದ. “ಮನೇಲಿ ಹೇಳಬೇಡಿ. ಅಕ್ಕ ತಂಗಿ ಮಧ್ಯೆ ಇದೊಂದು ಬೇಡ. ಆದ್ರೆ ಸ್ವಲ್ಪ ದಿನ ನನ್ನ ಕಣ್ಣಿಗೆ ಬೀಳಬೇಡಿ.”

ಹದಿನೇಳು ದಿನ ಅವನು ಕಣ್ಣಿಗೆ ಬೀಳಲಿಲ್ಲ. ನಡುವೆ ಹೆಂಡತಿ ಬೀದಿಯಲ್ಲಿ ಸಿಕ್ಕವರಿಗೆಲ್ಲ “ನಮ್ಮವರೇ ಅವನ ಬೆರಳು ಉಳಿಸಿದ್ದು” ಎಂದು ಹೇಳಿಕೊಂಡು ಬಂದಳು. ಪಕ್ಕದಲ್ಲಿ ನಿಂತ ಅವನು ನೆಲ ನೋಡುತ್ತಿದ್ದ. ಅವಳು ಒಮ್ಮೆ ಬೈದಿದ್ದರೆ ಎಷ್ಟೋ ಮೇಲಿತ್ತು.

ಹದಿನೆಂಟನೆಯ ದಿನ ಬೆಳಿಗ್ಗೆ ಫೋನು ಬಂತು.

“ಭಾವ, ಬೆರಳು ಇನ್ನೂ ಮಡಚೋಕೆ ಆಗ್ತಿಲ್ಲ. ಹೊಸ ಹಾಡೊಂದು ತಲೇಲಿ ಕೂತಿದೆ. ನಾನು ಹೇಳ್ತೀನಿ, ನೀವು ಟೈಪ್ ಮಾಡಿ. ಕೋಪ ಹೋಗಿದೆ ಅಂತ ಅಲ್ಲ. ನಿಮ್ಮಷ್ಟು ವೇಗ ಬೇರೆ ಯಾರಿಗೂ ಇಲ್ಲ.”

ಹೋದ. ಷಡ್ಡಕ ಕಣ್ಣು ಮುಚ್ಚಿ ಒಂದೊಂದೇ ಸಾಲು ಹೇಳಿದ, ಅವನು ಬರೆದ. ನಲವತ್ತನೇ ಸಾಲಿನಲ್ಲಿ ಮಿಷಿನ್ನುಗಳೆಲ್ಲ ಒಟ್ಟಿಗೆ ಮೌನವಾಗಬೇಕು ಎಂದಾಗ ಅವನು ಕೈ ತಡೆದ.

“ಇಲ್ಲಿ ಬೇಡ. ಹಾಡು ಕುಸಿಯುತ್ತೆ.”

“ಬರೀರಿ ಭಾವ, ಕೇಳೋಣ.”

ಬರೆದು ನುಡಿಸಿದರು. ಆ ಮೌನದಲ್ಲಿ ಒಂದು ಮೋಟಾರು ತಾನಾಗಿಯೇ ಸುತ್ತಿ ನಿಲ್ಲುವ ಸದ್ದು ಮಾತ್ರ ಕೇಳಿಸಿತು, ಯಾರೋ ಉಸಿರು ಬಿಟ್ಟ ಹಾಗೆ. ಷಡ್ಡಕ ಹೇಳಿದ್ದೇ ಸರಿ. ಗಡಿಯಾರದವನ ಹೊಟ್ಟೆಯೊಳಗೆ ಮತ್ತೆ ಅದೇ ಉರಿ ಎದ್ದಿತು. ಒಂದು ಚೂರೂ ಕಡಿಮೆಯಾಗಿರಲಿಲ್ಲ.

“ಹೇಗಿದೆ?” ಎಂದ ಮಿಷಿನ್.

“ನನಗೆ ಹೊಳೀತಿರಲಿಲ್ಲ ಕಣೋ,” ಎಂದ ಅವನು. ಬೆರಳುಗಳನ್ನು ಮತ್ತೆ ಕೀಲಿಗಳ ಮೇಲಿಟ್ಟ. “ಹೂಂ, ನಲವತ್ತೊಂದನೇ ಸಾಲು ಹೇಳು.”