ಬೆಣೆ ತೆಗೆದವರು ಯಾರು

ಈ ಮುದ್ರಣಾಲಯದ ಚರಿತ್ರೆಯಲ್ಲಿ ಅತ್ಯಂತ ಗಂಭೀರವೆಂದು ಗಣಿಸಬೇಕಾದ ಸಂಗತಿಯೆಂದರೆ, ಗೇಣುದ್ದವೂ ಇಲ್ಲದ, ಒಂದು ಮೂಲೆ ಮುಕ್ಕಾದ ಮರದ ಬೆಣೆಯೊಂದು ಮಂಗಳವಾರ ಬೆಳಿಗ್ಗೆ ತನ್ನ ಸ್ಥಾನದಲ್ಲಿ ಇಲ್ಲದಿದ್ದುದು.

ಅದರ ಸ್ಥಾನ ಮೆಷಿನ್ ಕೋಣೆಗೂ ಬೈಂಡಿಂಗ್ ಹಾಲಿಗೂ ನಡುವಿನ ಬಾಗಿಲಿನ ಕೆಳಗೆ. ಬಾಗಿಲು ಮುಚ್ಚಿದರೆ ಮೆಷಿನ್‌ನವರು ಶಾಯಿ ವಾಸನೆಯಲ್ಲಿ ಬೇಯುತ್ತಾರೆ. ಪೂರ್ತಿ ತೆರೆದರೆ ಬೈಂಡಿಂಗ್‌ನವರು ಮಡಿಸಿಟ್ಟ ಹಾಳೆಗಳೆಲ್ಲ ಹಾರುತ್ತವೆ. ಹಾಗಾಗಿ ಬಾಗಿಲು ಅರ್ಧ ತೆರೆದಿರಬೇಕೆಂದು ಒಪ್ಪಂದವಾಗಿ, ಆ ಅರ್ಧವನ್ನು ಬೆಣೆ ಕಾಯುತ್ತಿತ್ತು.

ಮೆಷಿನ್ ಮೇಸ್ತ್ರಿಯೂ ಬೈಂಡಿಂಗ್ ಮುಖ್ಯಸ್ಥೆಯೂ ಬೀಗರು. ಅವನ ಮಗಳನ್ನು ಅವಳ ಮಗನಿಗೆ ಕೊಟ್ಟಿದೆ. ಮನೆಯಲ್ಲಿ ಎರಡೂ ಕಡೆಯವರು ಮೊಮ್ಮಗನ ಒಂದೇ ಹಲ್ಲನ್ನು ಒಟ್ಟಿಗೆ ಕೂತು ಹೊಗಳುತ್ತಾರೆ. ಪ್ರೆಸ್ಸಿನಲ್ಲಿ ಮಾತ್ರ ಚೀಟಿಯಲ್ಲಿ ಮಾತು.

ಇಬ್ಬರಿಗೂ ಮಿತ್ರರಿದ್ದರು. ಕಂಪೋಸಿಂಗ್‌ನವರು ಮೆಷಿನ್ ಕಡೆ, ಗೋದಾಮಿನವರು ಬೈಂಡಿಂಗ್ ಕಡೆ. ಒಬ್ಬರು ಕೆಲಸ ನಿಲ್ಲಿಸಿದರೆ ಜೊತೆಗಾರರೂ ನಿಲ್ಲಿಸಬೇಕು. ಜಗಳವೇ ಆಗಬಾರದೆಂದು ಮಾಡಿಕೊಂಡ ಏರ್ಪಾಡಿದು ಎಂದು ನಾಲ್ಕೂ ವಿಭಾಗದವರು ಹೇಳುತ್ತಿದ್ದರು, ನಂಬಿಯೂ ಇದ್ದರು.

ಇನ್ನೊಂದು ತೊಡಕಿತ್ತು. ಬೈಂಡಿಂಗ್‌ನ ಅಂಟು ಕಾಯಲು ಮೂರು ಗಂಟೆ ಬೇಕು. ಮೆಷಿನ್ ಹೇಳದೆ ಕೇಳದೆ ನಿಂತರೆ ಕಾದ ಅಂಟೆಲ್ಲ ದಂಡ. ಅತ್ತ ಬೈಂಡಿಂಗ್ ಹಠಾತ್ತನೆ ನಿಂತರೆ ಅಚ್ಚಾದ ಹಾಳೆ ಇಡಲು ಜಾಗವಿಲ್ಲದೆ ಮೆಷಿನ್ ಉಸಿರುಕಟ್ಟುತ್ತದೆ. ಆದ್ದರಿಂದ ನಿಲ್ಲಿಸುವ ಹಾಗಿದ್ದರೆ ಮೊದಲು ನಿಲ್ಲಿಸಿದವನೇ ಜಾಣ ಎಂದು ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಿಟ್ಟಿದ್ದರು.

ಮಂಗಳವಾರ ಬೆಣೆಯಿಲ್ಲದ ಬಾಗಿಲು ದಢಾರೆಂದು ತೆರೆದು, ಶಾಲೆಯ ಚರಿತ್ರೆ ಪುಸ್ತಕದ ಎಂಟನೇ ಪಾಠ ಹಾಲಿನ ತುಂಬ ಹಾರಾಡಿತು. ಬೀಗಿತ್ತಿಯ ಚೀಟಿ ಹೋಯಿತು: "ಹತ್ತು ನಿಮಿಷದಲ್ಲಿ ಬೆಣೆ ಬರಬೇಕು."

ಮೇಸ್ತ್ರಿ ಓದಿ ಕೆಂಪಾದ. "ತೆಗೆದಿದ್ದು ನಾವಲ್ಲ. ಗಡುವು ಹಾಕೋಕೆ ಇವರು ಯಾರಂತೆ?"

ಅಷ್ಟರಲ್ಲಿ ಬೈಂಡಿಂಗ್‌ನವರು ಅಂಟಿನ ಒಲೆಯ ಉರಿ ತಗ್ಗಿಸಿದ್ದನ್ನು ಯಾರೋ ಇಣುಕಿ ನೋಡಿದರು. ಅಂಟು ತಳ ಹಿಡಿಯುತ್ತಿತ್ತು, ಅಷ್ಟೇ. ಆದರೆ ಮೇಸ್ತ್ರಿಗೆ ಅದು ಬೈಂಡಿಂಗ್‌ನವರು ಕೆಲಸ ನಿಲ್ಲಿಸುತ್ತಿದ್ದಾರೆಂಬ ಸುದ್ದಿಯಾಗಿ ಮುಟ್ಟಿತು. ಆತ ಮೆಷಿನ್ ನಿಲ್ಲಿಸಿದ. ಬೀಗಿತ್ತಿ ಒಲೆ ಆರಿಸಿದಳು. ಕಂಪೋಸಿಂಗ್‌ನವರು ಕೀಬೋರ್ಡಿಗೆ ಹೊದಿಕೆ ಹೊದಿಸಿದರು, ಗೋದಾಮಿನವರು ಶಟರ್ ಎಳೆದರು. ಹತ್ತು ಗಂಟೆಗೆ ಇಡೀ ಪ್ರೆಸ್ಸು ಕೈಕಟ್ಟಿ ಕೂತಿತ್ತು.

ಹನ್ನೊಂದಕ್ಕೆ ಬೆಣೆ ಸಿಕ್ಕಿತು. ಗುಡಿಸುವಾಕೆಯ ಬಕೆಟ್ಟಿನ ಅಡಿಯಲ್ಲಿತ್ತು.

"ಬಕೆಟ್ಟು ಕುಂಟ್ತಿತ್ತು, ಅಡಿಗೆ ಕೊಟ್ಟೆ. ಒರೆಸಿ ವಾಪಸ್ ಇಡೋಣ ಅಂತಿದ್ದೆ, ಮರ್ತೇಹೋಯ್ತು," ಎಂದಳು.

ಆದರೂ ಯಾರೂ ಏಳಲಿಲ್ಲ. "ಈಗ ಪ್ರಶ್ನೆ ಬೆಣೇದಲ್ಲ," ಎಂದ ಮೇಸ್ತ್ರಿ. ಏನೆಂದು ಕೇಳಿದವರಿಗೆ ಗಡುವಿನ ಚೀಟಿ ತೋರಿಸಿದ. ಶುಕ್ರವಾರ ಮಧ್ಯಾಹ್ನದವರೆಗೆ ಪ್ರೆಸ್ಸು ನಿಂತೇ ಇತ್ತು.

ಮತ್ತೆ ಶುರುವಾದ ಮೇಲೆ ಯಜಮಾನರು ಕರಡು ತಿದ್ದುವವನನ್ನು ಕರೆಸಿ ವಿಚಾರಣೆಯ ಫಾರಂ ಕೊಟ್ಟರು. ಅದರಲ್ಲಿ 'ಕಾರಣಕರ್ತರು' ಎಂಬಲ್ಲಿ ಒಂದೇ ಗೆರೆಯಿತ್ತು. ಅಲ್ಲಿ ಹೆಸರು ಬಂದವರಿಗೆ ಕೆಲಸವಿಲ್ಲ. ನಾಲ್ಕೂ ವಿಭಾಗಗಳು ಆ ವಾರ ಮೊದಲ ಬಾರಿಗೆ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದವು: ಗುಡಿಸುವಾಕೆ.

ಅವಳು ಕರಡಿನವನ ಮೇಜಿನ ಬಳಿ ಪೊರಕೆ ಹಿಡಿದೇ ನಿಂತಳು. "ಬೆಣೆ ತೆಗೆದಿದ್ದು ನಾನೇ, ಅಣ್ಣ. ಇಲ್ಲ ಅನ್ನಲ್ಲ. ಆದ್ರೆ ಮೆಷಿನ್ ಸ್ವಿಚ್ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ. ಮನೇಲಿ ನನ್ ಗಂಡ ಎದ್ದು ಓಡಾಡೋ ಹಾಗಿಲ್ಲ, ಈ ಕೆಲಸ ಒಂದೇ."

ಕರಡಿನವನು ಉಳಿದವರನ್ನೂ ಕೇಳಿದ.

"ಅವ್ರು ನಿಲ್ಲಿಸ್ತಿದ್ರು, ಅದಕ್ಕೇ ನಿಲ್ಲಿಸ್ದೆ," ಎಂದ ಮೇಸ್ತ್ರಿ.

"ಬೀಗರು ನಿಲ್ಲಿಸಿದ್ಮೇಲೆ ನಾನೇನು ಅಂಟಿಗೆ ಜೋಗುಳ ಹಾಡ್ಲಾ?" ಎಂದಳು ಬೀಗಿತ್ತಿ.

ಕಂಪೋಸಿಂಗ್‌ನವರು, ಗೋದಾಮಿನವರು ಒಂದೇ ಮಾತು ಹೇಳಿದರು: "ಮಾತು ಕೊಟ್ಟಿದ್ವಲ್ಲ!"

ಅವನು ಗೆರೆಯನ್ನು ಖಾಲಿ ಬಿಟ್ಟು, ಫಾರಂ ಕೆಳಗೆ ಬೇರೊಂದು ಹಾಳೆ ಅಂಟಿಸಿ ಬರೆದ. ಉರಿ ತಗ್ಗಿತೆಂದು ಕೇಳಿ, ವಿಚಾರಿಸದೆ ಮೆಷಿನ್ ನಿಲ್ಲಿಸಿದವನದು ದೊಡ್ಡ ಪಾಲು. ಗಡುವು ಹಾಕಿದವಳದು ಅದಕ್ಕಿಂತ ತುಸು ಕಡಿಮೆ, ಬೇಡವೆನ್ನಬಹುದಾಗಿದ್ದ ಮಿತ್ರರದು ಅದಕ್ಕೂ ಕಡಿಮೆ. ಗುಡಿಸುವಾಕೆಯದು ಒಂದು ಬಕೆಟ್ಟಿನಷ್ಟು. ಕೊನೆಯಲ್ಲಿ ಇನ್ನೊಂದು ಹೆಸರಿತ್ತು.

ಯಜಮಾನರು ಎರಡು ಸಲ ಓದಿದರು. "ಇದೇನಯ್ಯಾ, ನನ್ನ ಹೆಸರೂ ಇದೆ?"

"ಬಾಗಿಲಿಗೆ ಕೊಕ್ಕೆ ಹಾಕಿಸಿ ಅಂತ ನಾಲ್ಕು ಅರ್ಜಿ ಬಂದಿತ್ತು, ಸಾರ್. ಎರಡು ಮೆಷಿನ್‌ನವರದು, ಎರಡು ಬೈಂಡಿಂಗ್‌ನವರದು. ನಿಮ್ಮ ಮೇಜಿನ ಗಾಜಿನ ಕೆಳಗೇ ಇವೆ."

ಯಜಮಾನರು ಚಹದ ಲೋಟ ಸರಿಸಿದರು. ನಾಲ್ಕೂ ಇದ್ದವು.

"ಒಂದು ಹೆಸರು ಕೇಳಿದ್ದಪ್ಪ ನಾನು."

"ಪುಸ್ತಕದಲ್ಲೂ ಹಾಗೇ ಕೇಳಿದೆ, ಸಾರ್. ಎಂಟನೇ ಪಾಠದ ಕೊನೇಲಿ. ಯುದ್ಧ ಶುರು ಮಾಡಿದವರು ಯಾರು, ಒಂದು ವಾಕ್ಯದಲ್ಲಿ ಉತ್ತರಿಸಿ. ಒಂದು ಅಂಕ."

"ಉತ್ತರ?"

"ಪಾಠ ಹದಿನಾಲ್ಕು ಪುಟ ಇದೆ, ಸಾರ್."

ಸಹಿಯಿಲ್ಲದ ವರದಿಯ ಮೇಲೆ ಯಾರನ್ನೂ ತೆಗೆಯುವಂತಿಲ್ಲವೆಂಬುದು ಪ್ರೆಸ್ಸಿನ ನಿಯಮ. ತಮ್ಮ ಹೆಸರಿರುವ ವರದಿಗೆ ಯಜಮಾನರು ಸಹಿ ಹಾಕಲಿಲ್ಲ. ಅದನ್ನೂ ಗಾಜಿನ ಕೆಳಗೆ ಸೇರಿಸಿದರು. ಸೋಮವಾರ ಬಾಗಿಲಿಗೆ ಕೊಕ್ಕೆ ಬಂತು. ಗುಡಿಸುವಾಕೆ ಎಂದಿನಂತೆ ಏಳು ಗಂಟೆಗೆ ಕೆಲಸಕ್ಕೆ ಬಂದಳು.