ಸಂಜೆಯ ಹೆಬ್ಬೆಟ್ಟು

ಗೇಟಿನ ಮಷೀನು ಮತ್ತೆ ಕೆಂಪು ದೀಪ ಹೊತ್ತಿಸಿತು. ಸುಂದ್ರವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಇನ್ನೊಮ್ಮೆ ಒತ್ತಿದಳು. ಮತ್ತೆ ಕೆಂಪು.

"ಸಿಮೆಂಟ್ ಕಲಸಿ ಕಲಸಿ ನಿಮ್ಮ ಬೆಳ್ಳ ಸವದಾವ," ಎಂದ ಕೂಲಿಯಾಳುಗಳ ಮುಕಾದಮ ಗುರಲಿಂಗಪ್ಪ. "ಮಷೀನರ ಏನ್ ಮಾಡೀತು? ಅರ್ಧಾ ದಿನದ ಹಾಜರಿ, ನಡೀರಿ."

"ಮುಂಜಾನಿ ಹಸರ ದೀಪ ಹಚ್ಚೂ ಬೆಳ್ಳು ಸಂಜಿ ಅನ್ನೂದ್ರಾಗ ಸವೀತೈತೇನೋ ಯಣ್ಣಾ? ನಿನ್ನ ನಾಲಿಗಿ ಒಂದು ಸವೀವಲ್ದು!"

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ. ಚೆಂಬೂರಿನ ಈ ಸೈಟಿಗೆ ಹೊಸ ಮಷೀನು ಬಂದಂದಿನಿಂದ ಸಂಜೆಯ ಒಂದು ಹೆಬ್ಬೆಟ್ಟೂ ಬಿದ್ದಿರಲಿಲ್ಲ.

ಮಷೀನಿನ ಮಗ್ಗುಲಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವಳು ಶಿವಕುಮಾರಿ, ಸುಂದ್ರವ್ವನ ಮಗಳು. ಆಂಟಾಪ್ ಹಿಲ್‌ನ ಖೋಲಿಯಲ್ಲಿ ಬೆಳೆದು, ಈಗ ಜೋಗೇಶ್ವರಿಯಲ್ಲಿ ಇದೇ ಮಷೀನು ಮಾಡುವ ಸಣ್ಣ ಕಂಪನಿಗೆ ಕೋಡ್ ಬರೆಯುವವಳು. ಕೆಂಪು ದೀಪದ ಕಂಪ್ಲೇಂಟ್ ಬಂತೆಂದು ಮಾಲೀಕ ರೋಶನ್ ಅವಳನ್ನು ಕಳಿಸಿದ್ದ. ಅವಳ ಅವ್ವ ಇಲ್ಲೇ ದುಡಿಯುವುದು ಅವನಿಗೆ ಗೊತ್ತಿರಲಿಲ್ಲ.

ಬೆರಳಿನ ತಪ್ಪೇನೂ ಇರಲಿಲ್ಲ. ಮಷೀನು ಬೆರಳನ್ನು ಗುರುತಿಸಿ ಹಾಜರಿಯನ್ನು ಕ್ಲೌಡಿಗೆ, ಲೆಕ್ಕ ಇಡುವ ದೂರದ ಕಂಪ್ಯೂಟರಿಗೆ, ಕಳಿಸುತ್ತಿತ್ತು. ಕ್ಲೌಡ್ ಒಳಗೆ ಬಿಡುತ್ತಿರಲಿಲ್ಲ. ಪ್ರತಿ ಕೋರಿಕೆಯ ಜೊತೆಗೂ ಒಂದು ಸಹಿ ಹೋಗಬೇಕು. ಮಷೀನಿನೊಳಗಿನ ಗುಟ್ಟಿನ ಕೀಲಿ, ಹೇಳುವ ಮಾತು, ಹೇಳುವ ಹೊತ್ತು, ಮೂರನ್ನೂ ಸೇರಿಸಿ ಅರೆದು ತೆಗೆದ ಸಹಿ. ಕೀಲಿ ಹೊರಗೆ ಕಾಲಿಡುವುದಿಲ್ಲ, ಸಹಿಯಷ್ಟೇ ಹೋಗುತ್ತದೆ. ಅದರ ಹೊತ್ತು ಕಾಲು ಗಂಟೆಗಿಂತ ಆಚೀಚೆಯಾದರೆ, ಯಾರೋ ಕದ್ದಿಟ್ಟ ಹಳೆಯ ಕೋರಿಕೆಯೆಂದು ಕ್ಲೌಡ್ ತಳ್ಳಿಬಿಡುತ್ತದೆ.

ಶಿವಕುಮಾರಿ ಪರದೆ ನೋಡಿದಳು: ಮಷೀನಿನಲ್ಲಿ ಆರು ಗಂಟೆ. ತನ್ನ ಫೋನು ನೋಡಿದಳು: ಆರೂವರೆ.

ಗೇಟಿಗೆ ನೇತುಹಾಕಿದ್ದ ಗೋಣಿಚೀಲದ ಕಡೆ ಅವಳ ಕಣ್ಣು ಹೋಯಿತು. ಕೆಲಸದ ವೇಳೆ ಫೋನು ಕೂಡದೆಂದು ಬೆಳಿಗ್ಗೆಯೇ ಎಲ್ಲರ ಫೋನೂ ಆ ಚೀಲ ಸೇರುತ್ತಿತ್ತು. ಆಮೇಲೆ ಹೊತ್ತು ಹೇಳುವುದು ಗೇಟಿನ ಮಷೀನೊಂದೇ. ಅದು ಗಂಟೆ ಹೊಡೆದರೇ ಕೆಲಸ ಬಿಟ್ಟಂತೆ. ಬೆಳಿಗ್ಗೆ ಸರಿಯಾಗಿ ಓಡುವ ಗಡಿಯಾರವನ್ನು ಮುಕಾದಮ ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಕ್ಕೆ ತಿರುಗಿಸಿದರೆ ಕೇಳುವವರಾರು? ಫೋನು ಕೈಗೆ ಬರುತ್ತಿದ್ದುದು ಸಾಲು ಮುಗಿದ ಮೇಲೆ. ಹೋದ ಹೊತ್ತನ್ನು ಸಾಲೇ ತಿಂದಿತೆಂದು ಎಲ್ಲರೂ ಅಂದುಕೊಳ್ಳುತ್ತಿದ್ದರು. ಬಡವರನ್ನು ದೋಚಲು ಬೀಗ ಒಡೆಯಬೇಕಿಲ್ಲ, ಗಡಿಯಾರ ಕೈಲಿದ್ದರೆ ಸಾಕು. ಹಳೆಯ ಮಷೀನು ಬಾಯಿ ಮುಚ್ಚಿಕೊಂಡಿತ್ತು. ಹೊಸದು ಕ್ಲೌಡಿನ ಎದುರು ಸಿಕ್ಕಿಬಿದ್ದಿತ್ತು.

ಅವಳು ರೋಶನ್‌ಗೆ ಫೋನ್ ಮಾಡಿ ಗಡಿಯಾರದ ಮಾತೆತ್ತಿದಳು.

"ಬಿಲ್ಡರ್ ಈಗಷ್ಟೇ ಹೇಳಿದ್ರು ಮಾರಾಯ್ತಿ," ಎಂದ ಅವನು. "ಸಹಿಗೆ ಸರಿಯಾದ ಟೈಮ್ ಹಾಕು. ಒಳಗೆ ಹಾಜರಿಗೆ ಮಷೀನಿನ ಟೈಮೇ ಇರ್ಲಿ. ಒಂದು ಲೈನ್ ಕೋಡ್."

"ಚೋರಿ ಅದು ಸರ್. ಇವರ ಅರ್ಧ ತಾಸು."

"ನಮ್ದು ಮಷೀನ್ ಮಾರುವ ಕೆಲಸ. ಬಾಕಿದೆಲ್ಲ ನಮಗೆ ಯಾಕೆ?"

"ಸಹಿ ಸಚ್ಚಾ, ಒಳಗೆ ಝೂಟ್? ಆ ಲೈನ್ ನಾನು ಬರೆಯಂಗಿಲ್ಲ."

"ಹಾಗಾದ್ರೆ ನಾಳೆ ಲ್ಯಾಪ್‌ಟಾಪ್ ತಂದುಕೊಟ್ಟು ಹೋಗು. ಮತ್ತೆ ಬರ್ಬೇಡ."

ಫೋನು ಕಟ್ಟಾಯಿತು.

"ಏನಂದ?" ಎಂದಳು ಸುಂದ್ರವ್ವ.

"ನೌಕರಿ ಗಯಾ ಅವ್ವಾ. ನಾಳೆಯಿಂದ."

ಸುಂದ್ರವ್ವ ಮಗಳ ಮುಖವನ್ನೇ ನೋಡಿದಳು. "ನಾಳಿಂದ ಅಲ್ಲ? ಇವತ್ತಿಂದು ಮುಗಿಸಿ ಏಳು."

ಶಿವಕುಮಾರಿ ಬೇರೊಂದು ಲೈನ್ ಬರೆದಳು: ಸಹಿ ಹಾಕುವ ಮುನ್ನ ಮಷೀನು ಕ್ಲೌಡನ್ನೇ ಹೊತ್ತು ಕೇಳಿ ತನ್ನ ಗಡಿಯಾರ ತಿದ್ದಿಕೊಳ್ಳಬೇಕು. ಎಲ್ಲರ ಕಣ್ಣೆದುರೇ ಪರದೆಯ ಮೇಲಿನ ಅಂಕಿ ಅರ್ಧ ತಾಸು ಮುಂದಕ್ಕೆ ಜಿಗಿಯಿತು.

"ಅಕ್ಕಾ, ಟೈಮ್ ದೇಖೋ! ದಿನಾ ಇಷ್ಟು ತಿಂದಾರ!" ಸಾಲಿನಲ್ಲೊಬ್ಬಳು ಕೂಗಿದಳು.

ಸುಂದ್ರವ್ವ ಒತ್ತಿದಳು. ಹಸಿರು.

ಗುರಲಿಂಗಪ್ಪ ಮುಂದೆ ನುಗ್ಗಿದ. "ಏ ಹುಡುಗಿ, ನಿಮ್ಮ ಮಾಲಕಗ ಹೇಳಿ ನಾಳೀನೇ ತಗಸ್ತೀನಿ ನೀ ಬರದದ್ದನ್ನ."

"ತಗಸು," ಎಂದಳು ಸುಂದ್ರವ್ವ. ಗೇಟಿನ ಗೋಣಿಚೀಲ ಬಿಚ್ಚಿಕೊಂಡು ಬಂದು, ಕಲ್ಲುಕಟ್ಟೆಯ ಮೇಲೆ ಮೆಲ್ಲಗೆ ಬರಿದುಮಾಡಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಫೋನು ಎತ್ತಿಕೊಂಡರು. ಒಡೆದ ಗಾಜು, ಸುಣ್ಣ ಮೆತ್ತಿದ ಕವರು. ಹೊತ್ತು ಮಾತ್ರ ಎಲ್ಲದರಲ್ಲೂ ಒಂದೇ.

"ನಾಳಿಂದ ಇವು ನಮ್ಮ ಟೊಂಕದಾಗ ಇರ್ತಾವು. ಆರಾತು ಅಂದ್ರ ಬುಟ್ಟಿ ಕೆಳಗ."

ಬರಿದಾದ ಚೀಲವನ್ನು ಅವಳು ಗುರಲಿಂಗಪ್ಪನ ಹೆಗಲ ಮೇಲೆ ಹೊದಿಸಿದಳು.

"ತಗೋ ಯಣ್ಣಾ, ಇದರಾಗ ನಿನ್ನ ಗಡಿಯಾರ ಹಾಕ್ಕೋ."