ಶನಿವಾರದ ಆಕಿ ಪಲ್ಯ

ತಟ್ಟೆ ನೆಲಕ್ಕೆ ಬಿದ್ದ ಮೇಲೆಯೇ ಸೆರ್ವಾಳಿಗೆ ತಾನು ಮಗುವಿನ ಕೈಗೆ ಹೊಡೆದದ್ದು ಗೊತ್ತಾಯಿತು. ಹಳದಿ ಆಕಿ ಹಣ್ಣಿನ ಪಲ್ಯ ಒದ್ದೆ ಕಲ್ಲಿನ ಮೇಲೆ ಚೆಲ್ಲಿತ್ತು. ನಾಲ್ಕು ವರ್ಷದ ಅಫಿಯಾ ಅಳಲಿಲ್ಲ. ಚಮಚ ಹಿಡಿದುಕೊಂಡೇ ಒಬ್ಬ ಅಜ್ಜಿಯ ಮುಖ ನೋಡಿ, ಆಮೇಲೆ ಇನ್ನೊಬ್ಬ ಅಜ್ಜಿಯ ಮುಖ ನೋಡಿದಳು.

"ಬಿಸಿ ಇತ್ತು" ಎಂದಳು ಸೆರ್ವಾ.

ವೆರೋನಾ ಬಗ್ಗಿ, ಚೆಲ್ಲಿದ್ದನ್ನು ಬೆರಳಿನಿಂದ ಮುಟ್ಟಿದಳು. "ತಣ್ಣಗಿದೆ ಬೀಗಿತ್ತಿ. ನಾನೇ ಊದಿ ಊದಿ ಕೊಟ್ಟಿದ್ದು."

ಇಬ್ಬರೂ ಊರು ಬಿಟ್ಟು ಬಂದು ನೆಲೆಸಿದ ಈ ಪರದೇಶದಲ್ಲಿ, ರಿಡ್ಲಿ ರಸ್ತೆಯ ಸಂತೆಯಲ್ಲಿ ಇವರಿಬ್ಬರದು ಒಂದೇ ಅಂಗಡಿ. ಸೆರ್ವಾಳ ಮಗಳು ವೆರೋನಾಳ ಮಗನನ್ನು ಮದುವೆಯಾದ ಮೇಲೆ, ಬೀಗಿತ್ತಿಯರು ಎರಡು ಕಡೆ ಒಲೆ ಹಚ್ಚುವುದೇಕೆಂದು ಒಂದೇ ಟಾರ್ಪಾಲಿನ ಕೆಳಗೆ ಬಂದಿದ್ದರು. ಎಡಗಡೆ ಘಾನಾದ ಸೆರ್ವಾಳ ಕಡಲೆಬೀಜದ ಸಾರು, ಫುಫು ಮುದ್ದೆ. ಬಲಗಡೆ ಜಮೈಕಾದ ವೆರೋನಾಳ ಆಡಿನ ಸಾರು, ಕರಿದ ಬಾಳೆಹಣ್ಣು. ಶನಿವಾರ ಬೆಳಿಗ್ಗೆ ಮಾತ್ರ ಆಕಿ ಹಣ್ಣಿಗೆ ಉಪ್ಪುಮೀನು ಹಾಕಿದ ಪಲ್ಯ. ಐದು ವರ್ಷದಲ್ಲಿ ಸೆರ್ವಾ ಆ ಒಂದು ಬಾಣಲೆಯ ಹತ್ತಿರ ಹೋದವಳಲ್ಲ, ಅದರ ಸೌಟು ತೊಳೆದವಳಲ್ಲ. ಮಗಳಿಗೆ ಆಸ್ಪತ್ರೆಯಲ್ಲಿ ಶನಿವಾರದ ಪಾಳಿ ಬಿದ್ದದ್ದರಿಂದ ಮಗು ಇವತ್ತು ಮೊದಲ ಸಲ ಸಂತೆಗೆ ಬಂದಿತ್ತು.

"ಬಿಡು ವೆರೋನಾ, ಈ ಘಾನಾದವರಿಗೆ ಕಣ್ಣಲ್ಲಿ ನೀರು ಬರೋ ಹಾಗೆ ಖಾರ ಇಲ್ದಿದ್ರೆ ಅದು ಊಟಾನೇ ಅಲ್ಲ" ಎಂದ ಎಗ್ಬರ್ಟ್. ಬಸ್ಸು ಓಡಿಸಿ ನಿವೃತ್ತನಾದ ಮುದುಕ, ದಿನಾ ಇಲ್ಲೇ ನಿಂತು ತಿನ್ನುವವನು.

"ನೀನು ಸುಮ್ನೆ ತಿನ್ನಪ್ಪ. ನಿನ್ನ ಬಾಯಿ ತುಂಬಿದ್ರೆ ಇಡೀ ಬೀದಿಗೆ ನೆಮ್ಮದಿ." ವೆರೋನಾ ಅವನ ಕಡೆ ತಿರುಗಲೂ ಇಲ್ಲ. "ನೋಡು ಸೆರ್ವಾ, ಈ ಬಾಣಲೆ ಕಂಡ್ರೆ ನೀನು ಮುಖ ಆ ಕಡೆ ಮಾಡ್ತೀಯ. ದ್ವೀಪದವರ ಅಡಿಗೆ ಅಂತ ತಾತ್ಸಾರ ಇರಬೇಕು ಅಂತ ನಾನೂ ಸುಮ್ನಿದ್ದೆ. ನೀನು ತಿನ್ನಬೇಡ. ಆದ್ರೆ ಅವಳು ನನಗೂ ಮೊಮ್ಮಗಳು. ನನ್ನ ಕೈಯೂಟ ಅವಳಿಗೆ ಆಗಬಾರದು ಅಂದ್ರೆ ಈಗ್ಲೇ ಹೇಳ್ಬಿಡು. ಸೋಮವಾರದಿಂದ ನಾನು ಬೇರೆ ಜಾಗ ನೋಡ್ಕೋತೀನಿ."

ಸೆರ್ವಾ ತೊಳೆದ ಸೌಟನ್ನೇ ಮತ್ತೆ ತೊಳೆದಳು. ಸಾರಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಗಿರಾಕಿ ಹೆಂಗಸೊಬ್ಬಳಿಗೆ ಬರೀ ಸಾರು ಬಡಿಸಿ ಕಳಿಸಿದಳು, ಆಕೆ ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು "ಮುದ್ದೆ ಎಲ್ಲಮ್ಮ?" ಎಂದು ಕೇಳಬೇಕಾಯಿತು. ಅಷ್ಟರಲ್ಲಿ ವೆರೋನಾ ಆಕಿ ಡಬ್ಬಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದ್ದಳು. ತಗಡಿಗೆ ತಗಡು ತಾಗುವ ಸದ್ದು ಕೇಳುತ್ತಿತ್ತು.

"ನಮ್ಮನೆ ಹಿಂದೆ ಈ ಮರ ಇತ್ತು" ಎಂದಳು ಸೆರ್ವಾ.

"ಯಾವ ಮರ?"

"ಇದೇ, ಆಕಿ. ನಮ್ಮೂರಲ್ಲಿ ನೆರಳಿಗೆ ಇಟ್ಕೋತಿದ್ವಿ, ತಿಂತಿರಲಿಲ್ಲ. ಕಾಯಿ ಮುಟ್ಟಬೇಡ ಅಂತಿದ್ಲು ಅಮ್ಮ. ಯಾಕೆ ಅಂತ ಹೇಳ್ಲಿಲ್ಲ. ಕೆಂಪಗೆ ಕಾಣ್ತಿತ್ತು. ತಮ್ಮ ಬೇಕು ಅಂತ ಹಠ ಹಿಡಿದ. ನಾನೇ ಕೋಲಲ್ಲಿ ಉದುರಿಸಿ, ಕಲ್ಲಲ್ಲಿ ಒಡೆದು, ತಿನ್ನಿಸ್ದೆ." ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿದಳು. "ವಾಂತಿ ಮಾಡ್ಕೊಂಡ. ಆಮೇಲೆ ಮಲಗ್ದ. ಏಳ್ಲೇ ಇಲ್ಲ."

"ಒಡೆದ್ಯಾ? ಅದು ಮರದ ಮೇಲೆ ತಾನಾಗೇ ಬಾಯಿ ಬಿಡಬೇಕು. ಅಲ್ಲಿವರೆಗೂ ವಿಷ. ನಮ್ಮಲ್ಲಿ ಅಂಬೆಗಾಲಿಡೋ ಮಗುಗೂ..." ವೆರೋನಾ ಅಲ್ಲಿಗೇ ನಿಲ್ಲಿಸಿದಳು. ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು ಕೇಳಿದಳು: "ನಿನಗೆಷ್ಟು ವರ್ಷ ಆಗ?"

"ಏಳು."

"ನಿಮ್ಮಮ್ಮಂಗೆ ಗೊತ್ತಾಯ್ತಾ?"

"ಅವನೇ ಆರಿಸ್ಕೊಂಡು ತಿಂದನೇನೋ ಅಂದ್ಲು. ಹೌದು ಅಂದೆ."

ವೆರೋನಾ ಬಾಣಲೆಯನ್ನು ಎರಡೂ ಕೈಯಲ್ಲಿ ಎತ್ತಿ ಕಸದ ಡಬ್ಬಿಯ ಕಡೆ ನಡೆದಳು. ಸೆರ್ವಾ ಅಡ್ಡ ಬಂದು ಅವಳ ಮಣಿಕಟ್ಟು ಹಿಡಿದಳು.

"ಹಾಕು ನನಗೆ. ಅವಳಿಗಿಂತ ಮೊದಲು ನಾನು ತಿಂತೀನಿ."

ನಿಂತೇ, ಕೈಯಲ್ಲೇ ತಿಂದಳು. ಬೆಣ್ಣೆಯಂತೆ ಮೆತ್ತಗಿತ್ತು, ಸ್ವಲ್ಪ ಉಪ್ಪು, ಈರುಳ್ಳಿ. ಹೆದರುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ; ಟಾರ್ಪಾಲಿನ ಕಂಬಕ್ಕೆ ಒರಗಿ ಬಹಳ ಹೊತ್ತು ಅಗಿದಳು.

"ನಂಗೆ?" ಎಂದಳು ಅಫಿಯಾ.

ಸೆರ್ವಾ ತಾನೇ ಸೌಟು ತೆಗೆದುಕೊಂಡು ಬಡಿಸಿದಳು.

ಮಧ್ಯಾಹ್ನ ಮಗುವಿಗೆ ನಿದ್ದೆ ಬಂತು. ಅಂಗಡಿಯ ಹಿಂದೆ ಈರುಳ್ಳಿ ಮೂಟೆಗಳ ಮೇಲೆ ಕೋಟು ಹಾಸಿ ಮಲಗಿಸಿದರು. ಸೆರ್ವಾ ಸಾರಿನ ಹತ್ತಿರ ಹೋದಳು, ಬಂದಳು. ಮತ್ತೆ ಹೋದಳು, ಬಂದಳು. ಕೊನೆಗೆ ಹಾಲಿನ ಕ್ರೇಟೊಂದನ್ನು ಎಳೆದು ಕೂತು, ಮಗುವಿನ ಮೂಗಿನ ಕೆಳಗೆ ಎರಡು ಬೆರಳು ಹಿಡಿದಳು.

"ಯಾರಾದ್ರೂ ಇದ್ದೀರೇನ್ರಮ್ಮ? ಇಲ್ಲಿ ಜನ ನಿಂತಿದಾರೆ" ಎಂದು ಎಗ್ಬರ್ಟ್ ಮುಂದುಗಡೆಯಿಂದ ಕೂಗಿದ.

"ಸೌಟು ಅಲ್ಲೇ ಇದೆ. ಬಡಿಸು" ಎಂದು ವೆರೋನಾ ಇನ್ನೊಂದು ಕ್ರೇಟು ತಂದು ಪಕ್ಕದಲ್ಲಿ ಕೂತಳು. ಮಗು ನಿದ್ದೆಯಲ್ಲೇ ಹೊರಳಿ ಕಾಲು ಕೊಡವಿತು. ಒಂದು ಬೂಟು ಕಳಚಿ ಬಿತ್ತು. ಎತ್ತಿಕೊಳ್ಳಲು ಇಬ್ಬರೂ ಒಟ್ಟಿಗೇ ಬಗ್ಗಿದರು.